ಹೈಸ್ಕೂಲು ಮಕ್ಕಳ ಕೈಗೆ ಒಂದು ಲೆಕ್ಕದ ವಹಿ ಕೊಡೋಣ

ವ್ಯಾಪಾರವು ನಮ್ಮ ಸಮಾಜಕ್ಕೆ ಹೊಸತಲ್ಲ. ಆದಿತೀರ್ಥಂಕರ ವೃಷಭದೇವರು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಬಗೆಯ ಜೀವನೋಪಾಯಗಳನ್ನು ತಿಳಿಸಿಕೊಟ್ಟರೆಂದು ನಮ್ಮ ಪುರಾಣಗಳು ಹೇಳುತ್ತವೆ. ಮೋಕ್ಷದ ದಾರಿಯ ಜೊತೆಗೆ ದುಡಿದು ಉಣ್ಣುವ ದಾರಿಯನ್ನೂ ತೋರಿಸಿದ ಪರಂಪರೆ ನಮ್ಮದು. ಹೀಗಿರುವಾಗ ವ್ಯಾಪಾರಸ್ಥರ ಮನೆಗಳಲ್ಲೇ ಮಕ್ಕಳು ವ್ಯಾಪಾರವೆಂದರೆ ಮೂಗು ಮುರಿಯುವ ಕಾಲ ಬಂದಿದೆ ಎಂದರೆ, ಹಿರಿಯರಾದ ನಾವು ಒಂದಿಷ್ಟು ಕುಳಿತು ಯೋಚಿಸಬೇಕಾದ ಮಾತೇ ಸರಿ.

ಗಡಹಿಂಗ್ಲಜ ತಾಲೂಕಿನ ನಮ್ಮ ನೂಲ ಗ್ರಾಮ ಗಡಿಯ ಊರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಒಂದು ಕಡೆ ಗಡಹಿಂಗ್ಲಜದ ಪೇಟೆ, ಇನ್ನೊಂದು ಕಡೆ ಸಂಕೇಶ್ವರದ ಪೇಟೆ. ಬೆಲ್ಲ, ಮೆಣಸಿನಕಾಯಿ, ಕಾಳುಕಡಿಗಳ ಮಾತು ದಿನವೂ ಕಿವಿಗೆ ಬೀಳುವ ಜಾಗ. ಎರಡು ಭಾಷೆಯಲ್ಲಿ ಚೌಕಾಶಿ ಮಾಡಬಲ್ಲ ಇಂಥ ಊರಿನ ಮಕ್ಕಳಿಗೆ ವ್ಯವಹಾರದ ಬುದ್ಧಿ ತಾನಾಗಿ ಬರಬೇಕಿತ್ತು. ಆದರೆ ಹತ್ತನೆಯ ಇಯತ್ತೆಯ ಒಬ್ಬ ಹುಡುಗನನ್ನು ಕರೆದು, 'ತಮ್ಮಾ, ಒಂದು ಕ್ವಿಂಟಲ್ ಬೆಲ್ಲ ಇಷ್ಟಕ್ಕೆ ತಂದು, ಹಮಾಲಿ ಇಷ್ಟು, ಗಾಡಿ ಬಾಡಿಗೆ ಇಷ್ಟು ಕೊಟ್ಟರೆ ಕಿಲೋಕ್ಕೆ ಎಷ್ಟು ಬಿತ್ತು?' ಎಂದು ಕೇಳಿ ನೋಡಿರಿ. ಗಣಿತದಲ್ಲಿ ನೂರಕ್ಕೆ ತೊಂಬತ್ತು ಅಂಕ ಪಡೆದವನೂ ಮೊಬೈಲು ಹುಡುಕುತ್ತಾನೆ. ಲಾಭ-ಹಾನಿಯ ಲೆಕ್ಕ ಪುಸ್ತಕದಲ್ಲಿದೆ, ಅಂಗಡಿ ಮನೆಯ ಮುಂದಿದೆ. ಎರಡಕ್ಕೂ ನಂಟು ಬೆಳೆದಿಲ್ಲ.

ನಾವು ಮ್ಯಾಟ್ರಿಕ್ಕಿನವರೆಗೆ ಓದಿ ನಾಲ್ಕು ದಶಕ ತಕ್ಕಡಿ ಹಿಡಿದವರು. ಶಿಕ್ಷಣ ತಜ್ಞರಂತೆ ಬರೆಯಲು ನಮಗೆ ಬಾರದು. ನಮ್ಮ ಅನುಭವಕ್ಕೆ ಕಂಡ ಒಂದೇ ಮಾತನ್ನು ಓದುಗರ ಮುಂದೆ ಇಡುತ್ತೇವೆ. ಹೈಸ್ಕೂಲಿನಲ್ಲಿರುವ ಮಗುವಿಗೆ, ಶಾಲೆ ಬಿಡಿಸದೆ, ಒಂದು ಚಿಕ್ಕದಾದರೂ ನಿಜವಾದ ವ್ಯವಹಾರವನ್ನು ಒಪ್ಪಿಸಬೇಕು. ಅದರ ಲೆಕ್ಕವನ್ನು ಮಗುವಿನ ಕೈಯಿಂದಲೇ ಬರೆಸಬೇಕು. ಲಾಭ ಬಂದರೂ ಹಾನಿಯಾದರೂ ಅದು ಮಗುವಿನದೇ ಆಗಬೇಕು.

ಅಂಗಡಿ ಏಕೆ ಬೇಡವಾಯಿತು?

ಮಕ್ಕಳನ್ನು ದೂಷಿಸುವುದು ಸುಲಭ. ಆದರೆ ಅಂಗಡಿಯ ಬಗ್ಗೆ ಅವರು ನಮ್ಮ ಬಾಯಿಂದ ಕೇಳಿದ್ದಾದರೂ ಏನು? ಹೊತ್ತು ಮುಳುಗುವ ಮೊದಲು ಊಟಕ್ಕೆ ಕುಳಿತಾಗ ನಾವು ಹೇಳುವುದು ಉದ್ದರಿ ಮುಳುಗಿದ ಸುದ್ದಿ, ಜಿ.ಎಸ್.ಟಿ. ಕಾಗದಪತ್ರಗಳ ಗೋಳು, ಮೊಬೈಲಿನಲ್ಲೇ ಸಾಮಾನು ತರಿಸಿಕೊಳ್ಳುವ ಗಿರಾಕಿಗಳ ಮಾತು. ಕೊನೆಗೆ 'ನಮ್ಮ ಪಾಡು ನಮಗೇ ಇರಲಿ, ನೀನು ಚೆನ್ನಾಗಿ ಓದಿ ನೌಕರಿ ಹಿಡಿ' ಎಂಬ ಉಪದೇಶ. ಒಂದು ದಿನ ಒಳ್ಳೆಯ ಖರೀದಿ ಮಾಡಿದಾಗ, ಹಳೆಯ ಗಿರಾಕಿ ನಂಬಿಕೆಯಿಂದ ಮರಳಿ ಬಂದಾಗ ನಮಗಾದ ಸಂತೋಷವನ್ನು ಮಕ್ಕಳ ಮುಂದೆ ಹೇಳಿದವರು ಎಷ್ಟು ಜನ?

ಮದುವೆಯ ಮಾತಿನಲ್ಲಂತೂ ಇದು ಇನ್ನೂ ಎದ್ದು ಕಾಣುತ್ತದೆ. 'ಹುಡುಗ ಏನು ಮಾಡುತ್ತಾನೆ?' ಎಂಬ ಪ್ರಶ್ನೆಗೆ 'ಸ್ವಂತ ಅಂಗಡಿ ಇದೆ' ಎಂದರೆ ಹೆಣ್ಣಿನ ಕಡೆಯವರು ಮುಂದಿನ ಮಾತು ತೆಗೆಯುವುದಿಲ್ಲ. ಪುಣೆಯಲ್ಲೋ ಬೆಂಗಳೂರಿನಲ್ಲೋ ಕಂಪನಿಯ ನೌಕರಿ ಎಂದರೆ ಕುರ್ಚಿ ಹತ್ತಿರ ಬರುತ್ತದೆ. ಸೋಜಿಗವೆಂದರೆ ಹಾಗೆ ಕೇಳುವ ಹೆಣ್ಣಿನ ತಂದೆಯೂ ಅನೇಕ ವೇಳೆ ವ್ಯಾಪಾರಸ್ಥನೇ! ನಮ್ಮ ಕಸುಬಿಗೆ ನಾವೇ ಬೆಲೆ ಕಟ್ಟದಿದ್ದರೆ ಬೇರೆಯವರು ಕಟ್ಟಿಯಾರೆ?

ನೌಕರಿ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಡಾಕ್ಟರ್, ಇಂಜಿನಿಯರ್, ಶಿಕ್ಷಕರು ನಮ್ಮ ಮನೆಗಳಿಂದ ಬರಲೇಬೇಕು. ಆದರೆ ನೌಕರಿ ಎಲ್ಲರಿಗೂ ಸಿಗುವುದಿಲ್ಲ. ಡಿಗ್ರಿ ಮುಗಿಸಿ, ನಾಲ್ಕಾರು ವರ್ಷ ಅರ್ಜಿ ಹಾಕಿ, ಬೇಸತ್ತು ಊರಿಗೆ ಮರಳಿದ ಹುಡುಗ ಗಲ್ಲೆಯ ಮೇಲೆ ಕುಳಿತರೆ ಸೋತು ಬಂದವನಂತೆ ಕೂರುತ್ತಾನೆ. ಅದೇ ಹುಡುಗ ಹದಿನಾಲ್ಕನೆಯ ವರ್ಷದಲ್ಲಿ ತಾನೇ ಗಳಿಸಿದ ಐವತ್ತು ರೂಪಾಯಿಯ ರುಚಿ ಕಂಡಿದ್ದರೆ ಅಂಗಡಿಗೆ ಬರುವಾಗ ತಲೆ ತಗ್ಗಿಸುತ್ತಿರಲಿಲ್ಲ. ನೌಕರಿಗೇ ಹೋದರೂ ದುಡ್ಡಿನ ವಿಷಯದಲ್ಲಿ ಮೋಸ ಹೋಗುತ್ತಿರಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಕುಂಭೋಜದ ಕರ್ಮವೀರ

ಓದುತ್ತ ದುಡಿಯುವುದು, ದುಡಿಯುತ್ತ ಓದುವುದು ಆಗದ ಮಾತೆಂದು ಹೇಳುವವರಿಗೆ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಕುಂಭೋಜದ ಬಾಹುಬಲಿ ಕ್ಷೇತ್ರಕ್ಕೆ ಹೋಗಿ ಬರದ ಕುಟುಂಬ ನಮ್ಮ ಭಾಗದಲ್ಲಿ ಇರಲಿಕ್ಕಿಲ್ಲ. ಅದೇ ಕುಂಭೋಜದಲ್ಲಿ 1887ರ ಸೆಪ್ಟೆಂಬರ್ 22ರಂದು ಒಂದು ಜೈನ ಮನೆತನದಲ್ಲಿ ಭಾವುರಾವ ಪಾಟೀಲರು ಹುಟ್ಟಿದರು. ಅವರ ಪೂರ್ವಜರು ಮೂಡುಬಿದಿರೆಯ ಕಡೆಯಿಂದ ಬಂದವರು. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ರಾಜಾರಾಮ ಹೈಸ್ಕೂಲಿನಲ್ಲಿ ಕಲಿತರೂ ಅವರು ಮ್ಯಾಟ್ರಿಕ್ ದಾಟಲಿಲ್ಲ. ಮುಂದೆ ಸಾತಾರೆಯಲ್ಲಿ ಮನೆಪಾಠ ಹೇಳಿ 'ಪಾಟೀಲ ಮಾಸ್ತರ' ಎನಿಸಿಕೊಂಡರು. ಆ ಮೇಲೆ ಓಗಲೆಯವರ ಗಾಜಿನ ಕಾರ್ಖಾನೆಯ ಮಾಲು, ಕಿರ್ಲೋಸ್ಕರರ ಕಬ್ಬಿಣದ ನೇಗಿಲು ಇವುಗಳನ್ನು ಊರೂರು ತಿರುಗಿ ಮಾರಿದರು. ಸಾವಿರಾರು ಮಕ್ಕಳಿಗೆ ಶಾಲೆ ಕಟ್ಟಿಕೊಟ್ಟ ಈ ಮಹಾನುಭಾವರು ಅದಕ್ಕೂ ಮೊದಲು ಮಾಲು ಮಾರುವವರಾಗಿದ್ದರು ಎಂಬುದನ್ನು ವ್ಯಾಪಾರಸ್ಥರಾದ ನಾವು ಮರೆಯಬಾರದು.

1919ರಲ್ಲಿ ಕರಾಡದ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ಬೋರ್ಡಿಂಗ್ ತೆರೆದರು. ಎಲ್ಲ ಜಾತಿಯ ಬಡ ಹುಡುಗರು ಅಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. 1927ರಲ್ಲಿ ಮಹಾತ್ಮಾ ಗಾಂಧಿಯವರು ಬಂದು ಅದಕ್ಕೆ ಛತ್ರಪತಿ ಶಾಹೂ ಮಹಾರಾಜರ ಹೆಸರಿಟ್ಟರು. ಬೋರ್ಡಿಂಗಿನಲ್ಲಿ ಕಾಳು ತೀರಿದಾಗ ಭಾವುರಾವರ ಧರ್ಮಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಬಂಗಾರವನ್ನು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ದಾನ ಎಂದರೆ ಏನೆಂದು ಆ ತಾಯಿಯಿಂದ ಕಲಿಯಬೇಕು.

ಆದರೆ ಭಾವುರಾವರು ಮಕ್ಕಳಿಗೆ ಬಿಟ್ಟಿ ಅನ್ನ ಹಾಕಲಿಲ್ಲ. ಅವರ ಪದ್ಧತಿಗೆ ಮರಾಠಿಯಲ್ಲಿ 'ಕಮವಾ ವ ಶಿಕಾ' ಎನ್ನುತ್ತಾರೆ, ಅಂದರೆ ಗಳಿಸು, ಕಲಿ. 1940ರಲ್ಲಿ ಸಾತಾರೆಯಲ್ಲಿ ಆರಂಭವಾದ ಮಹಾರಾಜ ಸಯಾಜಿರಾವ ಹೈಸ್ಕೂಲಿನಲ್ಲಿ ಫೀ ಇರಲಿಲ್ಲ, ವಸತಿಗೂ ಹಣವಿರಲಿಲ್ಲ. ಬದಲಿಗೆ ಹುಡುಗರು ಬಂಜರು ಭೂಮಿಯನ್ನು ಹದ ಮಾಡಬೇಕು, ಕಾಯಿಪಲ್ಲೆ ಬೆಳೆಯಬೇಕು, ಕಲ್ಲು ಒಡೆಯಬೇಕು, ಕಟ್ಟಡದ ಕೆಲಸಕ್ಕೆ ಕೈ ಹಚ್ಚಬೇಕು. 1947ರಲ್ಲಿ ತೆರೆದ ಛತ್ರಪತಿ ಶಿವಾಜಿ ಕಾಲೇಜಿನಲ್ಲೂ ಇದೇ ಪದ್ಧತಿ ನಡೆಯಿತು. ಮ್ಯಾಟ್ರಿಕ್ ದಾಟದ ಈ ಪಾಟೀಲರಿಗೆ 1959ರಲ್ಲಿ ಪುಣೆ ವಿಶ್ವವಿದ್ಯಾಲಯ ಡಿ.ಲಿಟ್. ಕೊಟ್ಟಿತು, ಭಾರತ ಸರ್ಕಾರ ಪದ್ಮಭೂಷಣ ಕೊಟ್ಟಿತು. ಅದೇ ವರ್ಷ ಮೇ 9ರಂದು ಅವರು ತೀರಿಕೊಂಡರು. ಜನರು ಅವರಿಗೆ ಕೊಟ್ಟ 'ಕರ್ಮವೀರ' ಎಂಬ ಹೆಸರು ಇಂದಿಗೂ ನಿಂತಿದೆ.

'ಅದು ಬಡ ಮಕ್ಕಳ ಮಾತಾಯಿತು, ನಮ್ಮ ಮಕ್ಕಳಿಗೆ ಏನು ಕೊರತೆ?' ಎಂದು ಕೆಲವರು ಕೇಳಬಹುದು. ಕೊರತೆ ಇಲ್ಲದಿರುವುದೇ ಕೊರತೆ. ಬಡ ಹುಡುಗನಿಗೆ ಗಳಿಕೆಯ ಬೆಲೆ ಹಸಿವು ಕಲಿಸುತ್ತದೆ. ಕೇಳಿದ ಕೂಡಲೇ ಮೊಬೈಲು, ಗಾಡಿ ಸಿಗುವ ಮನೆಯ ಹುಡುಗನಿಗೆ ಯಾರು ಕಲಿಸಬೇಕು? ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬುದು ಉಳ್ಳವರಿಗಾಗಿಯೇ ಹುಟ್ಟಿದ ಗಾದೆ.

ಭಾವುರಾವರು ಮಾರಿದ ನೇಗಿಲಿನ ಕಥೆಯೂ ಮಕ್ಕಳಿಗೆ ಹೇಳುವಂಥದು. ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಆ ಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷವಾಗುತ್ತದೆ ಎಂದು ರೈತರು ಹೆದರಿದ್ದರಿಂದ ನೇಗಿಲುಗಳು ಬಹುಕಾಲ ಮಾರಾಟವಾಗದೆ ಉಳಿದವು. ಅವರು ಕೈಚೆಲ್ಲಲಿಲ್ಲ. 1910ರಲ್ಲಿ ಕಿರ್ಲೋಸ್ಕರವಾಡಿ ನಿಂತಿತು. ಇತ್ತ ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ ದಾತಾರರು ಜಹಗೀರದಾರ ನಾರಾಯಣರಾವ ಘೋರ್ಪಡೆಯವರ ಪ್ರೋತ್ಸಾಹದಿಂದ ಮೊದಲ ವಿದ್ಯುತ್ ಮಗ್ಗ ಹೂಡಿದರು. ಅಲ್ಲಿಂದ ಬೆಳೆದ ಪೇಟೆಯನ್ನು ಇಂದು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂದು ಕರೆಯುತ್ತಾರೆ. ಒಂದು ಸೈಕಲ್ ಅಂಗಡಿ, ಒಂದು ಮಗ್ಗ. ದೊಡ್ಡ ಉದ್ದಿಮೆಗಳೆಲ್ಲ ಹೀಗೆ ಸಣ್ಣದರಿಂದಲೇ ಎದ್ದವು.

ಏಳುನೂರು ರೂಪಾಯಿಯ ಪಾಠ

ಇನ್ನು ಮನೆಯಲ್ಲಿ ಇದನ್ನು ಹೇಗೆ ಮಾಡುವುದು? ಒಂದು ಉದಾಹರಣೆ ಹಿಡಿಯೋಣ. ದರಗಳು ಬರೀ ಲೆಕ್ಕಕ್ಕಾಗಿ. ಪೇಟೆಯ ದರ ದಿನಕ್ಕೊಂದು ಇರುತ್ತದೆ.

ಒಂಬತ್ತನೆಯ ಇಯತ್ತೆಯ ಮಗಳಿಗೆ ತಾಯಿ 700 ರೂಪಾಯಿ ಕೈಗಡ ಕೊಡಲಿ. ಇದು ದಾನವಲ್ಲ, ಮರಳಿ ಕೊಡಬೇಕಾದ ಹಣ. ಆಕೆ ಕಿಲೋಕ್ಕೆ 250 ರೂಪಾಯಿಯಂತೆ 2 ಕಿಲೋ ಒಣ ಮೆಣಸಿನಕಾಯಿ ಕೊಳ್ಳಲಿ. ಆಯಿತು 500. ಹುಳ-ಹುಪ್ಪಟೆ ನೋಡಿ ಹಗಲಿನಲ್ಲೇ ಹಸನು ಮಾಡುವುದನ್ನು ನಮ್ಮ ಮನೆಗಳಲ್ಲಿ ಬೇರೆ ಹೇಳಿಕೊಡಬೇಕಾಗಿಲ್ಲ. ತುಂಬು ಬಿಡಿಸಿ, ಧೂಳು ತೆಗೆದ ಮೇಲೆ ಒಂದೂ ಮುಕ್ಕಾಲು ಕಿಲೋ ಉಳಿಯಿತು ಎನ್ನೋಣ. ಕುಟ್ಟಿಸಲು ಕಿಲೋಕ್ಕೆ 40ರಂತೆ 70 ರೂಪಾಯಿ. 100 ಗ್ರಾಮಿನ 17 ಪಾಕೀಟು, ಒಂದಕ್ಕೆ 2 ರೂಪಾಯಿಯಂತೆ ಚೀಲದ ಖರ್ಚು 34. ಒಟ್ಟು 604 ರೂಪಾಯಿ. ಉಳಿದ ಐವತ್ತು ಗ್ರಾಮು ಮನೆಯ ಡಬ್ಬಿಗೆ ಹೋಗಲಿ.

ಪಾಕೀಟಿಗೆ 45ರಂತೆ ಹದಿನೇಳೂ ಮಾರಿದರೆ 765 ರೂಪಾಯಿ. 'ಐದುನೂರರ ಮಾಲಿಗೆ ಏಳುನೂರ ಅರವತ್ತೈದು ಬಂತು, 265 ಲಾಭ' ಎಂದು ಮಗು ಕುಣಿಯುತ್ತದೆ. ಆಗ ಕಿರ್ದಿ ತೆಗೆಸಿರಿ. ಗಿರಣಿ ಎಲ್ಲಿ? ಚೀಲ ಎಲ್ಲಿ? ಕಾಲು ಕಿಲೋ ತೂಕ ಎಲ್ಲಿ ಹೋಯಿತು? ನಿಜವಾದ ಲಾಭ 161 ಮಾತ್ರ. ಅದರಲ್ಲಿ ಮೂರು ಪಾಕೀಟು ಗೆಳತಿಯರ ಮನೆಗೆ ಉದ್ದರಿ ಹೋಗಿ ವಸೂಲಾಗದಿದ್ದರೆ 135 ಹೋಗಿ ಉಳಿಯುವುದು 26 ರೂಪಾಯಿ. ನಾಲ್ಕು ಸಂಜೆ ಕುಳಿತು ತುಂಬು ಬಿಡಿಸಿದ ತನ್ನ ಕೂಲಿಯನ್ನು ಹಿಡಿದರೆ ಹಾನಿಯೇ ಬಂತು. ಉದ್ದರಿ ಎಂದರೆ ಏನು, ನಮ್ಮ ಅಪ್ಪಾ ಸಂಜೆ ಏಕೆ ಸುಮ್ಮನೆ ಕೂರುತ್ತಾರೆ ಎಂಬುದು ಆ ಮಗುವಿಗೆ ಆ ದಿನ ತಿಳಿಯುತ್ತದೆ. ಇದನ್ನು ಯಾವ ಪುಸ್ತಕವೂ ಇಷ್ಟು ಬೇಗ ಕಲಿಸಲಾರದು.

ಇಲ್ಲಿ ತಂದೆ-ತಾಯಿಗಳು ಒಂದು ಸಂಯಮ ಪಾಲಿಸಬೇಕು. ಮಗುವಿನ ಮುಖ ಬಾಡಿತೆಂದು ಆ 135 ರೂಪಾಯಿಯನ್ನು ಗುಟ್ಟಾಗಿ ತುಂಬಿಕೊಡಬಾರದು. ಅಜ್ಜಿ ಬಂದು ಉಳಿದ ಪಾಕೀಟುಗಳನ್ನೆಲ್ಲ ತಾನೇ ಕೊಂಡುಬಿಡಬಾರದು. ಏಳುನೂರು ರೂಪಾಯಿಯಲ್ಲಿ ಆಗುವ ಹಾನಿ ಅಗ್ಗದ ಹಾನಿ. ಅದನ್ನು ಈಗ ಕಾಣದವನು ಮುಂದೆ ಏಳು ಲಕ್ಷದಲ್ಲಿ ಕಾಣುತ್ತಾನೆ.

ಎಲ್ಲರೂ ಮೆಣಸಿನ ಪುಡಿಯನ್ನೇ ಮಾರಬೇಕೆಂದಿಲ್ಲ. ಅಂಗಡಿ ಇದ್ದವರು ಅಂಗಡಿಯ ಒಂದು ಹಲಗೆಯನ್ನು ಮಗನಿಗೆ ಬಿಟ್ಟುಕೊಡಲಿ. ನೋಟುಬುಕ್ಕು, ಪೆನ್ನು ಯಾವುದು ತರಬೇಕು, ಎಷ್ಟು ತರಬೇಕು ಎಂಬುದನ್ನು ಅವನೇ ನಿರ್ಧರಿಸಲಿ. ಹಳೆಯ ಪಠ್ಯಪುಸ್ತಕ ಕೊಂಡು ಮಾರುವುದು, ಬೇಸಿಗೆ ಸೂಟಿಯಲ್ಲಿ ಹಪ್ಪಳ-ಸಂಡಿಗೆ, ಮಳೆಗಾಲಕ್ಕೆ ಸಸಿ, ಅಂಗಡಿಯ ದಾಸ್ತಾನನ್ನು ಕಂಪ್ಯೂಟರಿಗೆ ಏರಿಸಿ ತಿಂಗಳಿಗೆ ಇಷ್ಟೆಂದು ಪಡೆಯುವುದು ಹೀಗೆ ಊರಿಗೆ ತಕ್ಕಂತೆ ದಾರಿ ಬೇಕಾದಷ್ಟಿವೆ. ಕಿರ್ದಿಯಲ್ಲಿ ನಾಲ್ಕೇ ಕಲಮು ಸಾಕು: ತಾರೀಖು, ಬಂದದ್ದು, ಹೋದದ್ದು, ಉಳಿದದ್ದು. ಮೊಬೈಲಿನಿಂದ ಬಂದ ಹಣವೂ ಹಣವೇ, ಅದನ್ನೂ ಬರೆಸಿರಿ. ಪ್ರತಿ ಆದಿತ್ಯವಾರ ತಂದೆಯ ಮುಂದೆ ಕುಳಿತು ಬೇರೀಜು ಹಾಕಲಿ. ಮಗನಿಗೆ ಕೊಟ್ಟ ಹಲಗೆಯನ್ನು ಮಗಳಿಗೂ ಕೊಡಿರಿ. ನಾಳೆ ಆಕೆ ಹೋಗುವ ಮನೆಗೂ ಲೆಕ್ಕ ಬಲ್ಲವಳು ಆಸ್ತಿಯೇ.

ಶಾಲೆಯ ಬಾಜಾರ

ನಮ್ಮ ಮರಾಠಿ ಶಾಲೆಗಳಲ್ಲಿ ಮಕ್ಕಳ ಆನಂದ ಬಾಜಾರ, ಕರ್ನಾಟಕದ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತವೆ. ಬಹಳ ಒಳ್ಳೆಯ ಪದ್ಧತಿ. ಆದರೆ ಆಗುವುದೇನು? ತಾಯಿ ನಸುಕಿನಲ್ಲಿ ಎದ್ದು ತಿಂಡಿ ಮಾಡಿಕೊಡುತ್ತಾಳೆ, ಮಗು ಮಾರುತ್ತದೆ, ಬಂದದ್ದೆಲ್ಲ ಲಾಭವೆಂದು ಎಣಿಸುತ್ತದೆ. ಹಿಟ್ಟು, ಎಣ್ಣೆ, ಗ್ಯಾಸಿನ ಖರ್ಚು ಯಾರ ಲೆಕ್ಕದಲ್ಲೂ ಇಲ್ಲ. ಬಾಜಾರದ ಮರುದಿನ ಗಣಿತದ ತಾಸಿನಲ್ಲಿ ಗುರುಗಳು ಪ್ರತಿ ಮಗುವಿನಿಂದ ಖರ್ಚು-ಉತ್ಪನ್ನದ ಪಟ್ಟಿ ಬರೆಸಿದರೆ ಆ ಒಂದು ದಿನ ಇಡೀ ವರ್ಷದ ಪಾಠವಾದೀತು. ಶಾಲೆಯ ಕಮಿಟಿಯಲ್ಲಿರುವ ನಮ್ಮವರು ಇದನ್ನು ಗುರುಗಳಿಗೆ ವಿನಂತಿಸಿಕೊಳ್ಳಬೇಕು.

ಸರ್ಕಾರಗಳಿಗೂ ಇದು ಹೊಳೆದಿದೆ. ದೆಹಲಿ ಸರ್ಕಾರ 2021ರಲ್ಲಿ ತನ್ನ ಶಾಲೆಗಳ 11 ಮತ್ತು 12ನೆಯ ತರಗತಿಯ ಮಕ್ಕಳಿಗೆ ತಲಾ 2,000 ರೂಪಾಯಿ ಬಂಡವಾಳ ಕೊಟ್ಟು ಗುಂಪಾಗಿ ಉದ್ಯೋಗ ಮಾಡಿಸಿ ನೋಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಊರಿನ ಬಡಿಗ, ಕುಂಬಾರ, ತೋಟಗಾರರಂಥ ಕಸುಬುದಾರರ ಬಳಿ ಕಲಿಯಬೇಕೆಂದು ಹೇಳಿದೆ. ನಮ್ಮ ಅಂಗಡಿಗಳ ಬಾಗಿಲನ್ನೂ ಇಂಥ ದಿನಗಳಂದು ಊರಿನ ಎಲ್ಲ ಮಕ್ಕಳಿಗೆ ತೆರೆದಿಡೋಣ.

ಕೆಲವು ಎಚ್ಚರಿಕೆಗಳು

ಮೊದಲನೆಯದು, ಓದು ಕೆಡಬಾರದು. ಮಗುವನ್ನು ಶಾಲೆ ತಪ್ಪಿಸಿ ಗಲ್ಲೆಯ ಮೇಲೆ ಕೂರಿಸುವುದು ಪ್ರೋತ್ಸಾಹವಲ್ಲ, ಕೂಲಿ ಉಳಿಸುವ ಉಪಾಯ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕಿಡುವುದು ಅಪರಾಧ. 2016ರ ತಿದ್ದುಪಡಿಯಂತೆ ಶಾಲೆಯ ವೇಳೆಯ ನಂತರ ಅಥವಾ ಸೂಟಿಯಲ್ಲಿ, ಅಪಾಯವಿಲ್ಲದ ಮನೆತನದ ಉದ್ಯೋಗಕ್ಕೆ ಮಗು ನೆರವಾಗಬಹುದು, ಅಷ್ಟೇ. ಹದಿನೆಂಟು ತುಂಬುವವರೆಗೂ ಅಪಾಯದ ಕೆಲಸ ಕೂಡದು. ವಾರಕ್ಕೆ ನಾಲ್ಕು ತಾಸು ಸಾಕೇ ಸಾಕು. ಪರೀಕ್ಷೆಯ ತಿಂಗಳಲ್ಲಿ ವಹಿ ಕಟ್ಟಿಡಲಿ.

ಎರಡನೆಯದು, ಕಾಯದೆಯ ಮಾತು. 1872ರ ಕರಾರು ಕಾಯದೆಯ ಪ್ರಕಾರ ಹದಿನೆಂಟು ತುಂಬದವರು ಕರಾರು ಮಾಡುವಂತಿಲ್ಲ. ಆದ್ದರಿಂದ ಸಾಲ, ಬಾಡಿಗೆ ಯಾವುದನ್ನೂ ಮಗುವಿನ ಹೆಸರಿನಲ್ಲಿ ಮಾಡಬೇಡಿರಿ. ತಿನ್ನುವ ಪದಾರ್ಥ ಮಾರುವವರು ಎಷ್ಟೇ ಸಣ್ಣವರಾದರೂ ಆಹಾರ ಸುರಕ್ಷತಾ ಕಾಯದೆಯಂತೆ ನೋಂದಣಿ ಬೇಕು. ಅದನ್ನು ಹಿರಿಯರ ಹೆಸರಿನಲ್ಲೇ ಮಾಡಿಸಿಕೊಳ್ಳಿರಿ. ಹತ್ತು ವರ್ಷ ದಾಟಿದ ಮಗು ಬ್ಯಾಂಕಿನ ನಿಯಮದಂತೆ ತಾನೇ ಉಳಿತಾಯ ಖಾತೆ ನಡೆಸಬಹುದು. ಲಾಭದ ಮೊದಲ ನೂರು ರೂಪಾಯಿ ಅಲ್ಲಿಗೆ ಹೋಗಲಿ.

ಮೂರನೆಯದು, ಜೂಜನ್ನು ವ್ಯಾಪಾರವೆಂದು ತಿಳಿಯಬಾರದು. ತಂದೆಯ ಹೆಸರಿನ ಖಾತೆಯಲ್ಲಿ ಮೊಬೈಲಿನಿಂದ ಶೇರುಪೇಟೆಯ ವಾಯಿದೆ ವ್ಯವಹಾರ ಆಡುವ ಹುಡುಗರ ಮಾತು ಈಗ ಹಳ್ಳಿಗಳಲ್ಲೂ ಕೇಳಿಬರುತ್ತಿದೆ. ಇದರಲ್ಲಿ ಸಾಮಾನ್ಯ ಜನ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರೆಂದು ಶೇರುಪೇಟೆಯ ನಿಯಂತ್ರಣ ಮಂಡಳಿ ಸೆಬಿಯೇ 2024ರಲ್ಲಿ ಲೆಕ್ಕ ಕೊಟ್ಟಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಕೇಂದ್ರ ಸರ್ಕಾರ ಕಾಯದೆ ಮಾಡಿ ನಿಷೇಧಿಸಿತು. ಜೂಜು ಸಪ್ತವ್ಯಸನಗಳಲ್ಲಿ ಒಂದೆಂದು ನಮಗೆ ಗೊತ್ತಿರುವುದೇ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಅಚೌರ್ಯ ಅಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ತೂಕ-ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಮಾಲಿನಲ್ಲಿ ಕೀಳು ಮಾಲು ಬೆರೆಸುವುದು ಇವೆರಡೂ ಇವೆ. ನೂರು ಗ್ರಾಮಿನ ಪಾಕೀಟಿನಲ್ಲಿ ತೊಂಬತ್ತೈದು ತುಂಬಿದರೆ ಹದಿನೇಳಕ್ಕೆ ಹದಿನೆಂಟು ಪಾಕೀಟು ಆಗುತ್ತವೆ ಎಂಬುದು ಜಾಣ ಮಗುವಿಗೆ ಒಂದು ದಿನ ತಾನಾಗಿ ಹೊಳೆಯುತ್ತದೆ. ಆ ದಿನ ತಂದೆ ನಕ್ಕು ಬೆನ್ನು ತಟ್ಟಿದರೆ ಮುಗಿಯಿತು. ನಿಲ್ಲಿಸಿ ತಕ್ಕಡಿಯ ಮುಂದೆ ಕೂರಿಸಿದರೆ ಆ ಮಗು ಜೀವಮಾನವಿಡೀ ನೆಟ್ಟಗೆ ನಡೆದೀತು. ಇದಕ್ಕಾಗಿಯೇ ಮೊದಲ ವ್ಯಾಪಾರ ಮನೆಯವರ ಕಣ್ಣಳತೆಯಲ್ಲಿ ಆಗಬೇಕು ಎನ್ನುವುದು.

ಸಮಾಜ ಏನು ಮಾಡಬಹುದು?

ಧರ್ಮಸ್ಥಳದ ಧರ್ಮಾಧಿಕಾರಿ ಡಾ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಕಾರದಿಂದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಆರಂಭಿಸಿದರು. ಸ್ವಂತ ಉದ್ಯೋಗ ಮಾಡಬಯಸುವ ಹಳ್ಳಿಯ ಯುವಕ-ಯುವತಿಯರಿಗೆ ಅಲ್ಲಿ ಊಟ-ವಸತಿಯೊಡನೆ ಉಚಿತ ತರಬೇತಿ. ಅದೇ ಮಾದರಿಯನ್ನು ಹಿಡಿದು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಇಂಥ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಇದು ಹದಿನೆಂಟು ದಾಟಿದವರಿಗೆ. ಅದಕ್ಕಿಂತ ಕೆಳಗಿನ ನಾಲ್ಕು ವರ್ಷಗಳ ಪಾಠ ಮನೆಯದು ಮತ್ತು ಸಮಾಜದ್ದು.

ಊರಿನ ನಾಲ್ಕು ಜನ ವ್ಯಾಪಾರಸ್ಥರು ಸೇರಿ ವರ್ಷಕ್ಕೆ ಐದು ಸಾವಿರ ರೂಪಾಯಿ ತೆಗೆದಿಟ್ಟರೆ ಹತ್ತು ಮಕ್ಕಳಿಗೆ ಐದುನೂರರಂತೆ ಕೈಗಡ ಕೊಡಬಹುದು. ಮರಳಿ ಬಂದ ಹಣವೇ ಮುಂದಿನ ವರ್ಷದ ಮಕ್ಕಳಿಗೆ ಸಲ್ಲುತ್ತದೆ. ಅಂಗಡಿ ಇಲ್ಲದ ಬಡ ಮನೆಯ ಮಕ್ಕಳಿಗೆ ಇದರಲ್ಲಿ ಮೊದಲ ಸ್ಥಾನವಿರಲಿ. ಬಸದಿಯ ಕಾರ್ಯಕ್ರಮಗಳಲ್ಲಿ ಹೆಚ್ಚು ಅಂಕ ಪಡೆದವರನ್ನು ಸತ್ಕರಿಸುತ್ತೇವೆ. ಅವರ ಜೊತೆಗೆ ಒಂದು ವರ್ಷ ತಪ್ಪದೆ ಕಿರ್ದಿ ಬರೆದ ಮಗುವಿಗೂ ಒಂದು ಶಾಲು ಹೊದಿಸೋಣ, ಆ ಮಗುವಿಗೆ ಹಾನಿಯೇ ಆಗಿದ್ದರೂ ಚಿಂತೆಯಿಲ್ಲ. ಹಾನಿಯನ್ನು ಬಚ್ಚಿಡದೆ ಬರೆದವನೇ ಮುಂದೆ ನಂಬಿಗಸ್ಥ ವ್ಯಾಪಾರಿಯಾಗುತ್ತಾನೆ.

ದೀಪಾವಳಿಯಂದು, ಭಗವಾನ್ ಮಹಾವೀರರ ನಿರ್ವಾಣದ ದಿನ, ನಾವೆಲ್ಲ ಹೊಸ ವಹಿಗಳನ್ನು ಪೂಜೆಗೆ ಇಡುತ್ತೇವೆ. ಬರುವ ದೀಪಾವಳಿಗೆ ಒಂದು ಚಿಕ್ಕ ವಹಿಯನ್ನು ಹೆಚ್ಚಿಗೆ ತನ್ನಿರಿ. ಅದರ ಮೊದಲ ಪುಟದಲ್ಲಿ ಮಗುವಿನ ಹೆಸರು ಬರೆದು, ಕೈಗಡ ಕೊಟ್ಟ ರಕಮು ನಮೂದಿಸಿ, ಆ ಮಗುವಿನ ಕೈಗೇ ಕೊಡಿರಿ. ಮುಂದೆ ಆ ಮಗು ಅಂಗಡಿಗೆ ಬರಲಿ, ನೌಕರಿಗೆ ಹೋಗಲಿ, ಹೊಸದೇನನ್ನಾದರೂ ಕಟ್ಟಲಿ, ಅದು ಅದರ ಪುಣ್ಯ ಮತ್ತು ಪುರುಷಾರ್ಥ. ತನ್ನ ಕಾಲ ಮೇಲೆ ತಾನು ನಿಲ್ಲುವ ಮೊದಲ ಹೆಜ್ಜೆಯನ್ನು ಕಲಿಸಿದ ಸಮಾಧಾನ ನಮ್ಮದಾಗುತ್ತದೆ.